ಮಲ್ಲಿಗೆ ತಂಪು ಮಾಡಿದ ನಾಲ್ಕು ಬೇಸಿಗೆ

ಗಾಳಿ ಎಷ್ಟು ಬಿಸಿಯಾಗಿದೆ ಎಂದು ನೋಡಿ ಬರೆಯುವುದಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂಬುದನ್ನು ನಮ್ಮ ಅತ್ತೆಯವರು ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ದಿಲ್‌ಸುಖ್‌ನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಓಣಿಯ ಹೆಂಗಸರಿಗೆ ನನ್ನ ನೌಕರಿಯನ್ನು ವಿವರಿಸುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. "ಅಂಗಳಕ್ಕ ಬಂದು ನಿಂತ್ರ ನಾನೂ ಹೇಳ್ತೀನಿ, ಬಿಸಲು ಭಾಳ ಐತಿ ಅಂತ. ಅದಕ್ಕ ಬಸ್ ಹಿಡದು ಅಷ್ಟು ದೂರ ಹೋಗಬೇಕೇನವಾ?" ಎನ್ನುತ್ತಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಹಾಗೆ ಬಸ್ ಹಿಡಿದು ಹೋದೆ. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲವದು. ನಾನು ಸೇರಿದಾಗ ನಮ್ಮ ಮನೆಯ ಹಿಂದೆ ಜೋಳದ ಹೊಲವಿತ್ತು; ಬಿಡುವಾಗ ಅಲ್ಲಿ ಮೂರು ಕೋಚಿಂಗ್ ಸೆಂಟರುಗಳಿದ್ದವು. ನಡುವೆ ಊರು ಎಷ್ಟು ಕಾದಿತು ಎಂಬುದನ್ನು ಬರೆದಿಟ್ಟ ಕೈಗಳಲ್ಲಿ ನನ್ನದೂ ಒಂದು.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಯಂತ್ರವೇ ನಿಮಿಷಕ್ಕೊಮ್ಮೆ ಬರೆದುಕೊಡುತ್ತದೆ. ಆದರೂ ಕೆಲವರು ನನ್ನನ್ನು ಹುಡುಕಿಕೊಂಡು ಬಂದು, ಕೈಯಿಂದ ಮಾಡುತ್ತಿದ್ದಾಗ ಹೇಗಿತ್ತು ಹೇಳಿ ಎಂದು ಕೂಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಾಲೆಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು, ಬಜಾರಿನಲ್ಲಿ ಉರ್ದು. ನನ್ನ ಕನ್ನಡ ಮನೆಯ ಹಿರಿಯರ ಬಾಯಿಂದ ಬಂದದ್ದು. ಅವರು ಹೇಳುತ್ತಿದ್ದ ಹಾಗೆ ಸಾವಕಾಶವಾಗಿ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಖಾದ್ರಿ ಸಾಹೇಬರು. ನಮ್ಮ ವೀಕ್ಷಣಾಲಯದ ಹಿರಿಯ ವೀಕ್ಷಕರು, ಹುಮನಾಬಾದಿನ ಕಡೆಯವರು. ನನ್ನ ಹೆಸರು ಗಿರಿಜಾ ಎಂದು ಕೇಳಿದ ಕೂಡಲೇ, ಯಾವ ಊರಿನವರೆಂದು ವಿಚಾರಿಸಿ, ಬೀದರ್ ಸೀಮೆಯೆಂದು ತಿಳಿದ ಮೇಲೆ ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ. ಆ ಕಚೇರಿಯಲ್ಲಿ ಆಗ ಹೆಣ್ಣುಮಗಳು ನಾನೊಬ್ಬಳೇ. ಅವರ "ಗಿರಿಜವ್ವ" ಎಂಬ ಕೂಗಿಗೆ ನನಗೆ ತವರಿನ ಪಡಸಾಲೆ ನೆನಪಾಗುತ್ತಿತ್ತು.

ಕಂಪೌಂಡಿನ ನಡುವೆ ತಂತಿಬೇಲಿ ಹಾಕಿದ ಒಂದು ಚೌಕ ನೆಲ. ಅದರೊಳಗೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ಸುತ್ತಲೂ ಗಾಳಿಯಾಡುವ ಓರೆ ಪಟ್ಟಿಗಳ ಗೋಡೆ, ಉತ್ತರಕ್ಕೆ ಬಾಗಿಲು. ಒಳಗೆ ಥರ್ಮಾಮೀಟರುಗಳು: ಒಂದು ದಿನದ ಗರಿಷ್ಠ ಹಿಡಿದಿಡುವುದು, ಒಂದು ಕನಿಷ್ಠ ಹಿಡಿದಿಡುವುದು, ಮತ್ತೆರಡು ಆ ಹೊತ್ತಿನ ಗಾಳಿಯದು. ಬೆಳಿಗ್ಗೆ ಎಂಟೂವರೆಗೆ ಕನಿಷ್ಠ ನೋಡಬೇಕು, ಸಂಜೆ ಐದೂವರೆಗೆ ಗರಿಷ್ಠ. ಬಾಗಿಲು ತೆರೆದೊಡನೆ ಮೊದಲು ಡಿಗ್ರಿಯ ಚೂರುಗಳನ್ನು ಓದಬೇಕು, ಆಮೇಲೆ ಪೂರ್ತಿ ಡಿಗ್ರಿ. ಏಕೆಂದರೆ ನಾವು ಹತ್ತಿರ ನಿಂತಷ್ಟೂ ನಮ್ಮ ಮೈಯ ಕಾವಿಗೆ ಚೂರು ಮೊದಲು ಏರುತ್ತದೆ. ಮೊದಲ ದಿನ ನಾನು ಮುಖ ಹತ್ತಿರ ತಂದು ನಿಧಾನವಾಗಿ ನೋಡುತ್ತಿದ್ದಾಗ ಸಾಹೇಬರು ಹಿಂದಿನಿಂದ ಅಂದರು: "ಉಸುರು ಹಿಡದು ಓದು ಗಿರಿಜವ್ವ. ನಿನ್ನ ಉಸುರಿನ ಕಾವು ಬರಿಯಾಕ ಇಲ್ಲಿ ರಿಜಿಸ್ಟರ್ ಇಟ್ಟಿಲ್ಲ." ಇಂದಿಗೂ ಮನೆಯಲ್ಲಿ ಮೊಮ್ಮಗುವಿನ ಜ್ವರ ನೋಡುವಾಗ ನನ್ನ ಉಸಿರು ತಾನಾಗಿ ನಿಲ್ಲುತ್ತದೆ.

ಸೇರಿದ ವರ್ಷದ ಚಳಿಗಾಲದಲ್ಲಿ ನನ್ನ ಮೊದಲ ದೊಡ್ಡ ತಪ್ಪು ಆಯಿತು. ಚೂರುಗಳನ್ನು ಬಹು ಚೆನ್ನಾಗಿ ಓದಿದೆ, ಪೂರ್ತಿ ಡಿಗ್ರಿ ಬರೆಯುವಾಗ ಐದು ಕಡಿಮೆ ಬರೆದೆ. ಹೊಸಬರು ಹೆಚ್ಚಾಗಿ ಮಾಡುವ ತಪ್ಪೇ ಇದು. ಕಣ್ಣೆಲ್ಲ ಚೂರಿನ ಮೇಲೆ ಇರುತ್ತದೆ, ದೊಡ್ಡ ಅಂಕಿ ಜಾರುತ್ತದೆ. ಸಾಹೇಬರು ಅಂದು ರಜೆಯಲ್ಲಿದ್ದರು. ಅಂಕಿ ಫೋನಿನಲ್ಲಿ ಪತ್ರಿಕೆಗಳಿಗೆ ಹೋಯಿತು. ಮರುದಿನ ಊರಿಗೆ ಊರೇ ನಡುಗಿತು. ನಾಂಪಲ್ಲಿಯಲ್ಲಿ ಸರಕಾರಿ ಕಚೇರಿಯಲ್ಲಿದ್ದ ನಮ್ಮ ಮನೆಯವರು ಸಂಜೆ ಬಂದು, ತಮ್ಮ ಸೆಕ್ಷನ್ನಿನಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡು ಬೆವರುತ್ತ ಕುಳಿತಿದ್ದರೆಂದೂ, ಎಕ್ಸಿಬಿಷನ್ ಮೈದಾನದಲ್ಲಿ ಉಣ್ಣೆ ಅಂಗಡಿಗಳವರು ಹಿಗ್ಗುತ್ತಿದ್ದಾರೆಂದೂ ವರದಿ ಮಾಡಿದರು. ತಾವೂ ಮಫ್ಲರ್ ಸುತ್ತಿಕೊಂಡಿದ್ದರು. ನನ್ನ ಮೇಲಿನ ವಿಶ್ವಾಸಕ್ಕಾಗಿ ಎಂದರು.

ನಾನು ಅಳುತ್ತ ರಬ್ಬರು ತೆಗೆದುಕೊಂಡು ರಿಜಿಸ್ಟರಿನ ಮುಂದೆ ಕುಳಿತಿದ್ದೆ. ಸಾಹೇಬರು ಬಂದು ರಬ್ಬರನ್ನು ಕಿಸೆಗೆ ಹಾಕಿಕೊಂಡರು. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆಸಿದರು, ಹಳೆಯದು ಕಾಣುವ ಹಾಗೆ. ಮೇಲೆ ಸರಿಯಾದದ್ದು ಬರೆಸಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿಸಿದರು. ತಪ್ಪೂ ಉಳಿಯಬೇಕು, ಮಾಡಿದವರ ಹೆಸರೂ ಉಳಿಯಬೇಕು, ಆಗಲೇ ನಾಳೆ ನೋಡುವವನಿಗೆ ಉಳಿದ ಅಂಕಿಗಳ ಮೇಲೆ ಭರವಸೆ ಬರುತ್ತದೆ ಎಂದು ವಿವರಿಸಿದರು. ಬೈಯಲಿಲ್ಲ. ಪತ್ರಿಕೆಗಳಿಗೆ ತಾವೇ ಫೋನು ಮಾಡಿ ತಿದ್ದುಪಡಿ ಕೊಟ್ಟರು. ಅವರಂಥವರ ಕೈಕೆಳಗೆ ಕಲಿತೆ ಎಂಬುದು ನನ್ನ ಪುಣ್ಯ. ಅಂಥವರ ಕೈಕೆಳಗೆ ಕಲಿತೂ ನಾನು ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನರಸಿಂಹುಲು ಅವರ ಪರಿಚಯ ಆಗಬೇಕು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು, ಸುಲ್ತಾನ್ ಬಜಾರಿನ ಹಿಂದಿನ ಒಂದು ಸಂದಿಯಲ್ಲಿ ಮನೆ. ಮಾತು ಕಡಿಮೆ. ಸಂಜೆಯ ಪಾಳಿಯೆಂದರೆ ಮನೆ ಸೇರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಮನೆಯಲ್ಲಿ ಅತ್ತೆಯವರು, ಇಬ್ಬರು ಸಣ್ಣ ಮಕ್ಕಳು. ಇದನ್ನು ನಾನು ಬಾಯಿ ಬಿಟ್ಟು ಹೇಳುವ ಮೊದಲೇ ನರಸಿಂಹುಲು ಅವರು ಅಧಿಕಾರಿಗಳ ಹತ್ತಿರ ಹೋಗಿ, ಬೆಳಿಗ್ಗೆ ಏಳುವುದು ತಮಗೆ ಆಗದ ಕೆಲಸವೆಂದೂ, ಸಂಜೆಯ ಪಾಳಿಯನ್ನು ತಮಗೇ ಖಾಯಂ ಮಾಡಬೇಕೆಂದೂ ಬೇಡಿಕೊಂಡರು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬಾವಿಯಿಂದ ನೀರು ಸೇದುವ ಮನುಷ್ಯ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಒಂದು ಸಲ ಊರಿನಲ್ಲಿ ಕರ್ಫ್ಯೂ ಇತ್ತು. ನಮ್ಮ ಕೆಲಸಕ್ಕೆ ರಜೆಯಿಲ್ಲ. ಒಂದು ದಿನದ ಅಂಕಿ ತಪ್ಪಿದರೆ ಆ ದಿನ ಮತ್ತೆ ಬರುವುದಿಲ್ಲ. ಪಾಸು ಹಿಡಿದು ನಡೆದು ಬರುತ್ತಿದ್ದ ಅವರನ್ನು ಪೊಲೀಸರು ನಿಲ್ಲಿಸಿ, ಎಲ್ಲಿಗೆ ಎಂದು ಕೇಳಿದರಂತೆ. ಥರ್ಮಾಮೀಟರು ನೋಡಲಿಕ್ಕೆ ಎಂದರಂತೆ. ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿ, ಇಂಥ ಸುಳ್ಳು ಯಾರೂ ಕಟ್ಟಲಾರರು ಎಂದು ತೀರ್ಮಾನಿಸಿ, ಜೀಪಿನಲ್ಲಿ ಕೂರಿಸಿ ನಮ್ಮ ಗೇಟಿನವರೆಗೆ ಬಿಟ್ಟು ಹೋದರು. ಐದೂವರೆಗೆ ಸರಿಯಾಗಿ ಪೆಟ್ಟಿಗೆಯ ಬಾಗಿಲು ತೆರೆಯಿತು. ಅದನ್ನೂ ಅವರು ಹೇಳಲಿಲ್ಲ. ಜೀಪು ನೋಡಿ ಹೆದರಿದ ನಮ್ಮ ಕಾವಲುಗಾರ, ಪೊಲೀಸರ ಬಾಯಿಂದ ಕೇಳಿದ್ದನ್ನು ಹೇಳಿದ.

ಖಾದ್ರಿ ಸಾಹೇಬರು ನಿವೃತ್ತರಾದ ಮೇಲೆ ಹೊಸ ಅಧಿಕಾರಿ ಬಂದರು. ಕರಾವಳಿ ಆಂಧ್ರದ ಕಡೆಯವರು, ಒಳ್ಳೆಯ ಮನುಷ್ಯರು. ಹಸಿರು ನೋಡಿ ಬೆಳೆದ ಕಣ್ಣಿಗೆ ನಮ್ಮ ಕಂಪೌಂಡಿನ ಬೇಸಿಗೆ ಬಲು ಕಠಿಣವಾಗಿ ಕಂಡಿತು. ಒಣ ಹುಲ್ಲು, ಬಿರಿದ ಮಣ್ಣು, ನಡುವೆ ಬಿಳಿ ಪೆಟ್ಟಿಗೆ. ಇಲ್ಲಿ ಏನೂ ಬೆಳೆಯುವುದಿಲ್ಲವೇ ಅಮ್ಮಾ ಎಂದು ಒಂದು ದಿನ ಕೇಳಿದರು. ಬೇಲಿಯೊಳಗೆ ಏನೂ ನೆಡಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಬೇಲಿಯ ಹೊರಗೆ, ಪಶ್ಚಿಮದ ಅಂಚಿಗೆ ನೆಟ್ಟರೆ ಏನಾದೀತು ಎಂದುಕೊಂಡೆ. ಮನೆಯಿಂದ ಮಲ್ಲಿಗೆಯ ಕಡ್ಡಿ ತಂದು ಊರಿದೆ. ಹತ್ತು ಕಡ್ಡಿ ಚಿಗುರಿದವು, ಇಪ್ಪತ್ತಾದವು. ಅಧಿಕಾರಿಗಳು ಖುಷಿಯಾಗಿ ಉದ್ದನೆಯ ಪೈಪು ಹಾಕಿಸಿಕೊಟ್ಟರು. ದಿನಾ ಮಧ್ಯಾಹ್ನ ಊಟವಾದ ಮೇಲೆ, ರೇಡಿಯೋದಲ್ಲಿ ವಾರ್ತೆ ಶುರುವಾದಾಗ ನೀರು ಬಿಡುತ್ತಿದ್ದೆ, ಮುಗಿದಾಗ ನಿಲ್ಲಿಸುತ್ತಿದ್ದೆ. ನೀರು ಬೇಲಿಯೊಳಕ್ಕೂ ಹರಿದು ಪೆಟ್ಟಿಗೆಯ ಕಾಲಿನ ಹುಲ್ಲು ಸಹ ಹಸಿರಾಯಿತು. ಎಲ್ಲರಿಗೂ ಸಂತೋಷ. ಮೇಲಿನಿಂದ ತಪಾಸಣೆಗೆ ಬಂದವರು ಬಿಸಿಲಿನಲ್ಲಿ ಬೆಂದು ಬಂದು ಅಲ್ಲಿ ನಿಂತು, ಎಂಥ ಹಿತವಾದ ಜಾಗ ಎಂದು ಹೊಗಳಿ ಬರೆದು ಹೋದರು. ಹೀಗೆ ನಾಲ್ಕು ಬೇಸಿಗೆ ಕಳೆದವು.

ಐದನೆಯ ಬೇಸಿಗೆ ಶುರುವಾಗುವ ಮೊದಲು ಖಾದ್ರಿ ಸಾಹೇಬರು ಮಗಳ ಮದುವೆಯ ಕಾರ್ಡು ಕೊಡಲು ಬಂದರು. ಅಭ್ಯಾಸಬಲದಿಂದ ನೇರ ಬೇಲಿಯ ಹತ್ತಿರ ನಡೆದರು. ನಾನು ಹೆಮ್ಮೆಯಿಂದ ಮಲ್ಲಿಗೆ ತೋರಿಸಿದೆ. ಅವರು ಹೂವಿನ ಕಡೆ ನೋಡಲಿಲ್ಲ. ಪೆಟ್ಟಿಗೆಯ ಪಕ್ಕ ನಿಂತು ಪಶ್ಚಿಮಕ್ಕೆ ಮುಖ ಮಾಡಿ ಗಾಳಿಗೆ ಅಂಗೈ ಒಡ್ಡಿದರು.

"ಭಾಳ ತಂಪೈತಿ ಇಲ್ಲಿ, ಗಿರಿಜವ್ವ," ಎಂದರು.

ಹೌದ್ರೀ ಸಾಹೇಬರ, ಎಂದು ನಾನು ನಕ್ಕೆ. ಅವರು ಕಾರ್ಡು ಕೊಟ್ಟು, ಚಹಾ ಕುಡಿದು ಹೋದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ, ದಾರಿಯ ನಡುವೆ ಎಲ್ಲೋ, ಅವರು ಹೇಳಿದ್ದು ನನಗೆ ತಲುಪಿತು. ಒದ್ದೆ ನೆಲದ ಮೇಲಿಂದ ಹಾದು ಬರುವ ಗಾಳಿ ತಣ್ಣಗಾಗಿ ಪೆಟ್ಟಿಗೆಯೊಳಗೆ ಹೋಗುತ್ತಿತ್ತು. ನಾಲ್ಕು ವರ್ಷ ನಾವು ಬರೆದದ್ದು ಹೈದರಾಬಾದಿನ ಬೇಸಿಗೆಯನ್ನಲ್ಲ, ನನ್ನ ಹೂವಿನ ಮಡಿಯ ಬೇಸಿಗೆಯನ್ನು.

ಮರುದಿನ ಮಧ್ಯಾಹ್ನ ನಾನೇ ಗಿಡಗಳನ್ನು ಕಿತ್ತೆ. ಅಧಿಕಾರಿಗಳು ದಿಲ್ಲಿಗೆ ಹೋಗಿದ್ದರು. ಪಾಳಿಗೆ ಬಂದ ನರಸಿಂಹುಲು ಅವರು ಏನೂ ಕೇಳದೆ ಬೇರುಗಳನ್ನು ಎಳೆಯಲು ಕೈ ಹಚ್ಚಿದರು. ಎಲ್ಲ ಕಿತ್ತಾದ ಮೇಲೆ ಕಾರಣ ಹೇಳಿದೆ. ಅವರು ಕೈ ತೊಳೆದು, ಒಳಗಿನಿಂದ ರಿಜಿಸ್ಟರು ತಂದು, ಷರಾ ಬರೆಯುವ ಕಾಲಮಿನ ಮೇಲೆ ಪೆನ್ನು ಇಟ್ಟು ನನ್ನ ಕಡೆ ನೋಡಿದರು. ಗಿಡ ನೆಟ್ಟದ್ದು, ನೀರು ಹಾಕಿದ್ದು, ಕಿತ್ತದ್ದು. ಮೂರು ಸಾಲು ಸಾಕಿತ್ತು.

ನಾನು ಬೇಡವೆಂದೆ. ಈಗ ಬೇಡ, ಅಧಿಕಾರಿಗಳಿಗೆ ಕೆಟ್ಟ ಹೆಸರು ಬರುತ್ತದೆ, ಅವರ ವರ್ಗ ಆಗಲಿ, ಆಮೇಲೆ ನಾನೇ ಬರೆಯುತ್ತೇನೆ ಎಂದೆ. ಅಧಿಕಾರಿಗಳ ಹೆಸರು ಒಂದು ನೆವ. ಖಾದ್ರಿ ಸಾಹೇಬರ ಶಿಷ್ಯೆ ಇಂಥದು ಮಾಡಿದಳಂತೆ ಎಂದು ನಾಲ್ಕು ಜನ ಆಡುವುದು ನನಗೆ ಬೇಡವಾಗಿತ್ತು. ನರಸಿಂಹುಲು ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಆ ಮಾತು ಮತ್ತೆ ಎತ್ತಲಿಲ್ಲ. ಅಧಿಕಾರಿಗಳ ವರ್ಗವಾಯಿತು. ನಾನು ಬರೆಯಲಿಲ್ಲ. ಒಂದು ವರ್ಷ ತಡವಾದ ಮೇಲೆ ಬರೆಯುವುದು ಇನ್ನೂ ಕಷ್ಟ. ಐದು ವರ್ಷವಾದ ಮೇಲೆ, ಬರೆಯಬೇಕೆಂಬುದು ಸಹ ಮನಸ್ಸಿನ ತಳಕ್ಕೆ ಹೋಗಿಬಿಡುತ್ತದೆ. ನರಸಿಂಹುಲು ಅವರು ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಯೂ ಹೋದರು.

ಕಾಲ ಬದಲಾಯಿತು. ಪೆಟ್ಟಿಗೆಯ ಪಕ್ಕದಲ್ಲಿ ಕಂಬದ ಮೇಲೆ ಹೊಸ ಯಂತ್ರ ಬಂದಿತು. ಬಂದ ಹೊಸದರಲ್ಲಿ ಅದರೊಳಗೆ ಇರುವೆ ಗೂಡು ಕಟ್ಟಿ, ಡಿಸೆಂಬರಿನಲ್ಲಿ ಮೇ ತಿಂಗಳ ಬಿಸಿ ತೋರಿಸಿತು. ನಾನು ಹಳೆಯ ಪೆಟ್ಟಿಗೆ ತೆರೆದು, ಇಲ್ಲಪ್ಪ, ಚಳಿಗಾಲವೇ ಇದೆ ಎಂದು ಸಾಕ್ಷಿ ಹೇಳಿದಾಗ ಹುಡುಗರೆಲ್ಲ ನಕ್ಕು ನನಗೆ ಚಹಾ ಕೊಡಿಸಿದರು. ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರಕ್ಕೂ ನಮ್ಮ ಹಾಗೆ ಯಾರಾದರೂ ಬಾಗಿಲು ತೆರೆದು ನೋಡುವವರು ಬೇಕು, ಅಷ್ಟೆ.

ನನ್ನ ನಿವೃತ್ತಿಗೆ ಮೂರು ತಿಂಗಳಿರುವಾಗ ಮಾಧವಿ ಬಂದಳು. ವರಂಗಲ್ಲಿನ ಹುಡುಗಿ, ಸಂಶೋಧನೆ ಮಾಡುತ್ತಿದ್ದಳು. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಹೈದರಾಬಾದು ದಶಕದಿಂದ ದಶಕಕ್ಕೆ ಎಷ್ಟು ಬಿಸಿಯಾಗಿದೆ ಎಂದು ನೋಡುವುದು ಅವಳ ಕೆಲಸ. ಧೂಳಿನ ಕಟ್ಟುಗಳನ್ನು ಒಬ್ಬೊಬ್ಬರ ಕೈಬರಹ ಗುರುತಿಸಿ ಓದಿಸಲು ನಾನು ಅವಳ ಪಕ್ಕ ಕೂಡುತ್ತಿದ್ದೆ. ಊರಿನ ಚಳಿಗಾಲದ ಬೆಳಗುಗಳು ಹೇಗೆ ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತ ಬಂದವು ಎಂಬುದು ಅವಳ ಪರದೆಯ ಮೇಲೆ ಗೆರೆಯಾಗಿ ಕಂಡಾಗ ನನಗೆ ಒಂದು ಥರದ ಬೆರಗು. ನಾವು ದಿನಕ್ಕೊಂದು ಚುಕ್ಕೆ ಇಟ್ಟವರು. ಚುಕ್ಕೆಗಳು ಸೇರಿ ಏನು ಹೇಳುತ್ತಿವೆ ಎಂದು ನೋಡಿದ್ದೇ ಇಲ್ಲ.

ಒಂದು ಬೆಳಿಗ್ಗೆ ಬೇಸಿಗೆಯ ಮಧ್ಯಾಹ್ನಗಳ ಗೆರೆ ತೋರಿಸಿದಳು. ಮೇಲಕ್ಕೆ ಹತ್ತುತ್ತಿದ್ದ ಗೆರೆ ಒಂದು ಕಡೆ ನಾಲ್ಕು ವರ್ಷ ಗುಂಡಿಗೆ ಬಿದ್ದು ಮತ್ತೆ ಎದ್ದಿತ್ತು. ಊರಿನ ಹೊರಗಿನ ಇನ್ನೊಂದು ವೀಕ್ಷಣಾಲಯದಲ್ಲಿ ಆ ಗುಂಡಿ ಇರಲಿಲ್ಲ. ನಮ್ಮ ಮಾತು ನಡೆಯುತ್ತಿದ್ದದ್ದು ತೆಲುಗಿನಲ್ಲಿ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಈ ನಾಲ್ಕು ಬೇಸಿಗೆ ತೆಗೆದುಬಿಡುತ್ತೇನಮ್ಮಾ," ಎಂದಳು. "ಸಂಜೆಯ ಸಹಿ ಹೆಚ್ಚುಕಡಿಮೆ ಒಬ್ಬರದೇ ಇದೆ. ಅವರಿಗೆ ಅದೇ ಸಮಯದಲ್ಲಿ ಕಣ್ಣಿನ ಆಪರೇಷನ್ ಆಗಿತ್ತಂತೆ, ಫೈಲಿನಲ್ಲಿದೆ. ವೀಕ್ಷಕರ ದೋಷ ಎಂದು ಬರೆದರೆ ಆಯಿತು."

ಪರದೆಯ ಮೇಲೆ ನರಸಿಂಹುಲು ಅವರ ಸಣ್ಣ ಸಹಿ ಸಾಲು ಸಾಲಾಗಿ ಇತ್ತು. ಮೂವತ್ತು ವರ್ಷ ಕರ್ಫ್ಯೂವಿನಲ್ಲೂ ತಪ್ಪಿಸದೆ ಓದಿದ ಮನುಷ್ಯ, ಕುರುಡುಗಣ್ಣಿನಿಂದ ಅಂಕಿ ಬರೆದವನೆಂದು ದಾಖಲಾಗಲಿದ್ದರು. ಅವರ ಓದು ಸರಿಯಾಗಿತ್ತು, ಚೂರು ಸಹಿತ. ನಾನು ಗಾಳಿಯನ್ನೇ ತಪ್ಪು ಮಾಡಿದ್ದೆ. ಅಷ್ಟು ತಿಳಿದೂ ತಲೆನೋವೆಂದು ಹೇಳಿ ಮನೆಗೆ ಬಂದೆ.

ಮನೆಯವರಿಗೆ ಎಲ್ಲ ಹೇಳಿದೆ. ಆಗ ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು, ಆದರೆ ಅವರೊಳಗಿನ ಹೆಡ್ ಕ್ಲರ್ಕು ಇನ್ನೂ ಸೇವೆಯಲ್ಲಿದ್ದ.

"ಇಪ್ಪತ್ತು ವರ್ಷದ ಹಿಂದಿನ ಹೂವಿನ ಗಿಡ. ಯಾರು ಕೇಳಾಕತ್ತಾರ ನಿನ್ನ?" ಎಂದರು. "ರಿಟೈರ್ ಆಗಾಕ ಮೂರು ತಿಂಗಳದಾವ. ಈಗ ಬರದು ಕೊಟ್ಟಿ ಅಂದ್ರ ವಿಚಾರಣಿ ಅಂತಾರ, ನಿನ್ನ ಪೆನ್ಶನ್ ಕಾಗದೆಲ್ಲಾ ಅಲ್ಲೇ ಕೂಡ್ತಾವ."

"ನರಸಿಂಹುಲು ಅವರ ಹೆಸರು ಹೋಗಾಕತ್ತೈತ್ರಿ."

"ಅವರೇನು ಬಂದು ನೋಡ್ತಾರೇನು?"

ನಾನು ಎದ್ದು ಒಳಗೆ ಹೋದೆ. ಎರಡು ದಿನ ಮನೆಯಲ್ಲಿ ಉಪ್ಪು ಹುಳಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಬರೆಯಲು ಕುಳಿತಾಗ, ಪತ್ರಿಕೆ ಓದುವ ಸೋಗು ಹಾಕಿಕೊಂಡು ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಕೈಯಿಂದ ಹಾಳೆ ತೆಗೆದುಕೊಂಡರು. ಹರಿದು ಹಾಕುತ್ತಾರೆ ಎಂದುಕೊಂಡೆ.

"ಬರಿಯೂದಂದ್ರ ಸರಿಯಾಗಿ ಬರಿ," ಎಂದರು. "'ತಿಳಿಯದೆ' ಅನ್ನೂದು ಮೂರು ಸಲ ಬರದೀದಿ. ಮೂರು ಸಲ ಬರದ್ರ ತಿಳದೇ ಮಾಡಿದಂಗ ಕಾಣ್ತದ. ನಾಕು ವರ್ಷ ತಿಳೀಲಿಲ್ಲ ಅಂತ ಒಮ್ಮೆ ಬರಿ. ಆಮ್ಯಾಲ ತಿಳದೂ ಸುಮ್ನಿದ್ದೆ ಅಂತ ಬರಿ. ಅದು ಬಿಟ್ಟೀದಿ ನೋಡು."

ಅದನ್ನೇ ನಾನು ಬಿಟ್ಟಿದ್ದೆ. ಅವರು ಹೇಳಿದ ಹಾಗೆ ಬರೆದೆ. ನರಸಿಂಹುಲು ಅವರು ಅಂದೇ ದಾಖಲಿಸಲು ಮುಂದಾಗಿದ್ದರು, ತಡೆದವಳು ನಾನು ಎಂಬುದನ್ನೂ ಸೇರಿಸಿದೆ. ಅಂದು ಮನೆಯವರು ಬಸ್ ಸ್ಟಾಪಿನವರೆಗೆ ನನ್ನ ಚೀಲ ಹಿಡಿದುಕೊಂಡು ಬಂದರು. ನಮ್ಮ ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಆಗಿನ ಅಧಿಕಾರಿಗಳು ಹಾಳೆಯನ್ನು ಎರಡು ಸಲ ಓದಿ, ಇದನ್ನು ನಾನೇನು ಮಾಡಲಿ ಎಂಬಂತೆ ಮಾಧವಿಯ ಕಡೆ ನೋಡಿದರು. ವಿಚಾರಣೆ ಆಗಲಿಲ್ಲ, ಒಂದು ಎಚ್ಚರಿಕೆಯ ಪತ್ರ ಬಂತು, ಅದನ್ನು ಇಟ್ಟುಕೊಂಡಿದ್ದೇನೆ. ಮಾಧವಿ ಮಾತ್ರ ನನ್ನ ಮುಖ ನೋಡದೆ ಹಾಳೆಯನ್ನೇ ನೋಡುತ್ತಿದ್ದಳು. ಬೇಸರಪಟ್ಟಿದ್ದಾಳೆ ಎಂದುಕೊಂಡೆ. ಅವಳು ಲೆಕ್ಕ ಹಾಕುತ್ತಿದ್ದಳು.

"ಏಕೆ ಎಂದು ಗೊತ್ತಾಯಿತು. ಎಷ್ಟು ಎಂದು ಗೊತ್ತಾಗದೆ ಈ ನಾಲ್ಕು ಬೇಸಿಗೆ ಉಳಿಯುವುದಿಲ್ಲಮ್ಮಾ," ಎಂದಳು. "ದಿನಾ ಎಷ್ಟು ನೀರು ಹಾಕುತ್ತಿದ್ದಿರಿ?"

ಮನಸ್ಸಿಗೆ ಬಂದಷ್ಟು ಎಂದೆ. ಮನಸ್ಸಿಗೆ ಬಂದಷ್ಟು ಎಂದು ಪಟ್ಟಿಯಲ್ಲಿ ಬರೆಯಲಾಗುವುದಿಲ್ಲ ಎಂದಳು. ಆಮೇಲೆ ನೆನಪಿಗೆ ಬಂತು, ವಾರ್ತೆ ಶುರುವಾದಾಗ ಬಿಡುತ್ತಿದ್ದೆ, ಮುಗಿದಾಗ ನಿಲ್ಲಿಸುತ್ತಿದ್ದೆ. ಅದೇ ನಲ್ಲಿ ಇನ್ನೂ ಇತ್ತು. ಮಾಧವಿಯ ಕಣ್ಣು ಅರಳಿತು.

ಹೀಗೆ ನಾನು ನಿವೃತ್ತಳಾದ ಮರು ಬೇಸಿಗೆಯಲ್ಲಿ, ಮಾಡಿದ ತಪ್ಪನ್ನೇ ಮತ್ತೊಮ್ಮೆ ಸರಿಯಾಗಿ ಮಾಡಲು ಅನುಮತಿ ಪತ್ರದೊಂದಿಗೆ ಕಚೇರಿಗೆ ಹೋದೆ. ಹಳೆಯ ಜಾಗದಲ್ಲಿ ಒಂದು ಪೆಟ್ಟಿಗೆ, ದೂರದ ಒಣ ನೆಲದಲ್ಲಿ ಅಂಥದೇ ಇನ್ನೊಂದು. ಮಳೆಗಾಲದಲ್ಲೇ ಹಳೆಯ ಅಂಚಿಗೆ ಮಲ್ಲಿಗೆ ಊರಿ, ಬದುಕುವಷ್ಟೇ ನೀರು ಕೊಟ್ಟು ಇಟ್ಟಿದ್ದೆವು. ಮೊದಲು ಒಂದು ತಿಂಗಳು ಎರಡೂ ಕಡೆ ನೆಲ ಒಣಗಿಸಿ, ಎರಡು ಪೆಟ್ಟಿಗೆಗಳು ಒಂದೇ ಮಾತು ಹೇಳುತ್ತವೆಯೇ ಎಂದು ಮಾಧವಿ ನೋಡಿದಳು. ಹೇಳಿದವು. ಆಮೇಲೆ ನನಗೆ ಪೈಪು ಕೊಟ್ಟಳು. ದಿನಾ ಮಧ್ಯಾಹ್ನ ಬಸ್ಸಿನಲ್ಲಿ ಬಂದು, ರೇಡಿಯೋ ಹಚ್ಚಿ, ವಾರ್ತೆ ಮುಗಿಯುವವರೆಗೆ ನೀರು ಬಿಟ್ಟು ಹೋಗುತ್ತಿದ್ದೆ. ಹೊಸ ಹುಡುಗರು ಸಂಜೆ ಐದೂವರೆಗೆ ಎರಡೂ ಪೆಟ್ಟಿಗೆ ಓದುತ್ತಿದ್ದರು. ಒಂದು ದಿನ ನೀರು ಹಾಕುವಾಗ ಬೇಲಿಯ ಪಕ್ಕ ನಿಂತಿದ್ದ ಹುಡುಗನೊಬ್ಬ, ಇದೇನು ಮೇಡಂ, ರಿಟೈರ್ ಆದ ಮೇಲೆ ತೋಟದ ಕೆಲಸಕ್ಕೆ ಹಾಕಿದರಾ ಎಂದು ಛೇಡಿಸಿದ. ಶಿಕ್ಷೆ ಕಣಪ್ಪ, ಆದರೆ ತಂಪಿನಲ್ಲಿ ಕೊಟ್ಟಿದ್ದಾರೆ ಎಂದೆ.

ಬೇಸಿಗೆ ಮುಗಿದಾಗ ಎರಡು ಪೆಟ್ಟಿಗೆಗಳ ವ್ಯತ್ಯಾಸ ಕಾಗದದ ಮೇಲೆ ಬಂತು. ಒಂದು ಡಿಗ್ರಿಗೆ ಕಡಿಮೆ, ಆದರೆ ದಿನಾ ಹೆಚ್ಚುಕಡಿಮೆ ಅಷ್ಟೇ. ದಿನಾ ಅಷ್ಟೇ ಇದ್ದದ್ದರಿಂದ ಅದನ್ನು ಕೂಡಿಸಬಹುದಿತ್ತು. ಹಳೆಯ ನಾಲ್ಕು ಬೇಸಿಗೆಗೆ ಕೂಡಿಸಿದಾಗ ಗುಂಡಿ ತುಂಬಿತು. ಗೆರೆ ಮುರಿಯದೆ ಮೇಲಕ್ಕೆ ಹೋಯಿತು. ಊರು ಆ ನಾಲ್ಕು ವರ್ಷವೂ ಬಿಸಿಯಾಗುತ್ತಲೇ ಇತ್ತು. ನರಸಿಂಹುಲು ಅವರ ಒಂದು ಅಂಕಿಯನ್ನೂ ಎಸೆಯಬೇಕಾಗಲಿಲ್ಲ. ಎಸೆಯದಂತೆ ದಾರಿ ಹುಡುಕಿದ ಆ ಹುಡುಗಿಗೆ ನಾನು ಎಷ್ಟು ಋಣಿ ಎಂದು ಹೇಳಲು ಹೋದರೆ, ಅವಳು ಕೈ ಆಡಿಸಿ, ನೀವು ಹೇಳದಿದ್ದರೆ ನಾನೇ ತಪ್ಪು ಬರೆಯುತ್ತಿದ್ದೆ ಎಂದು ನನಗೇ ತಿರುಗಿಸಿ ಕೊಟ್ಟಳು.

ವರದಿಯ ಆ ಪುಟದ ಕೆಳಗೆ ಮಾಧವಿ ಎರಡು ಸಾಲಿನ ಅಡಿಟಿಪ್ಪಣಿ ಹಾಕಿದಳು: ಈ ನಾಲ್ಕು ಬೇಸಿಗೆಗಳಲ್ಲಿ ಪಕ್ಕದ ನೆಲಕ್ಕೆ ನೀರು ಹಾಯಿಸಿದ್ದರಿಂದ ಉಷ್ಣಾಂಶ ಕಡಿಮೆ ದಾಖಲಾಗಿತ್ತು, ಅದನ್ನು ಸರಿಪಡಿಸಲಾಗಿದೆ, ವೀಕ್ಷಕರ ಓದಿನಲ್ಲಿ ದೋಷವಿಲ್ಲ.

ಆ ಪುಟದ ಒಂದು ಪ್ರತಿ ತೆಗೆದುಕೊಂಡು ಸುಲ್ತಾನ್ ಬಜಾರಿನ ಹಿಂದಿನ ಸಂದಿಗೆ ಹೋದೆ. ನರಸಿಂಹುಲು ಅವರ ಹೆಂಡತಿ ಸತ್ಯವತಮ್ಮನವರಿಗೆ ಅರವತ್ತೈದು ದಾಟಿತ್ತು. ಮಗನ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದರು. ನಾನು ಮೊದಲಿನಿಂದ ಹೇಳಿದೆ: ಗಿಡ ನೆಟ್ಟದ್ದು, ಬರೆಯಬೇಡಿ ಎಂದದ್ದು, ಅದರಿಂದ ಅವರ ಕಣ್ಣಿನ ಮೇಲೆ ಬಂದ ಅಪವಾದ. ಆಕೆ ನಡುವೆ ಬಾಯಿ ಹಾಕದೆ ಕೇಳಿದರು. ಬೈದರೆ ಬೈಸಿಕೊಳ್ಳಲು ನಾನು ಸಿದ್ಧವಾಗಿಯೇ ಹೋಗಿದ್ದೆ.

"ಆ ಬೇಸಿಗೆಗಳಲ್ಲಿ ದಿನಾ ಮಲ್ಲಿಗೆ ತರುತ್ತಿದ್ದರಮ್ಮಾ," ಎಂದು ಆಕೆ ತೆಲುಗಿನಲ್ಲಿ ಹೇಳಿದರು. "ಆಫೀಸಿನ ಹಳೆಯ ಕಾಗದದಲ್ಲಿ ಕಟ್ಟಿಕೊಂಡು. ಒಂದು ವರ್ಷ ನಿಂತುಹೋಯಿತು. ಯಾಕೆಂದು ಕೇಳಿದೆ. ಬಿಸಿಲಿಗೆ ಗಿಡ ಒಣಗಿದವು ಎಂದರು."

ನಾನು ತಲೆ ತಗ್ಗಿಸಿದೆ. ನನ್ನ ಜೊತೆ ಮಣ್ಣಿನಲ್ಲಿ ಕೂತು ಬೇರು ಎಳೆದ ಮನುಷ್ಯ, ಮನೆಗೆ ಬಂದು ಹೆಂಡತಿಗೂ ಹೇಳಿರಲಿಲ್ಲ.

ಸತ್ಯವತಮ್ಮನವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಇಂಗ್ಲಿಷು ಬಾರದ್ದರಿಂದ ನನಗೇ ಮರಳಿ ಕೊಟ್ಟು, ಅವರ ವಿಷಯ ಎಲ್ಲಿದೆಯೋ ಅಷ್ಟನ್ನು ಓದಿ ಹೇಳಿ ಎಂದರು. ನಾನು ಕೊನೆಯ ಸಾಲನ್ನು ತೆಲುಗಿನಲ್ಲಿ ಹೇಳಿದೆ. ಆಕೆ ಎದ್ದು ಹೋಗಿ ಕೆಳಗೆ ಅಂಗಡಿಯಲ್ಲಿದ್ದ ಮಗನನ್ನು ಕರೆದರು. ಅವನು ಬಂದು ಬಾಗಿಲಲ್ಲಿ ನಿಂತ ಮೇಲೆ, ಈಗ ಇನ್ನೊಂದು ಸಲ ಓದಿ ಎಂದರು. ಓದಿದೆ.